ನೆಪೋಲಿಯನ್ ಸೇನೆ ರಷ್ಯಾದಲ್ಲಿ ಅಳಿದದ್ದು ಚಳಿಗೋ, ಹಸಿವಿಗೋ?

ಓದುಗರ ಪ್ರಶ್ನೆ: 1812ರಲ್ಲಿ ರಷ್ಯಾದ ಮೇಲೆ ದಂಡೆತ್ತಿ ಹೋದ ನೆಪೋಲಿಯನ್ ಅಲ್ಲಿನ ಚಳಿಯಿಂದ ಸೋತ ಅಂತ ಶಾಲೆಯಿಂದಲೂ ಓದಿಕೊಂಡು ಬಂದಿದ್ದೇವೆ. ಸೆಪ್ಟೆಂಬರ್‌ನಲ್ಲೇ ಮಾಸ್ಕೋ ಮುಟ್ಟಿದವನು ಚಳಿಗೆ ಸಿಕ್ಕಿಬಿದ್ದದ್ದು ಹೇಗೆ?

ಮೊದಲು ನೇರ ಉತ್ತರ. ಅವನ ಸೇನೆಯ ದೊಡ್ಡ ಪಾಲು ಕರಗಿದ್ದು ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ಬಿಸಿಲು, ಧೂಳು, ಮಳೆಯಲ್ಲಿ. ಭಾರಿ ಹಿಮ ಬೀಳಲು ಶುರುವಾದದ್ದು ನವೆಂಬರ್ 6ಕ್ಕೆ. ಚಳಿ ಸಾವಿರಾರು ಜನರನ್ನು ಕೊಂದದ್ದು ನಿಜ. ಆದರೆ ಅದರ ಕೈಗೆ ಸಿಕ್ಕಿದ್ದು ಆಗಲೇ ಹಸಿದು, ಜ್ವರ ಹತ್ತಿ, ಕುದುರೆಗಳನ್ನು ಕಳೆದುಕೊಂಡಿದ್ದ ಸೇನೆ.

ಹಾಗಾದರೆ ಚಳಿಯ ಕಥೆ ಎಲ್ಲಿಂದ ಬಂತು? ನೆಪೋಲಿಯನ್‌ನಿಂದಲೇ. ಡಿಸೆಂಬರ್ 3ರಂದು ಹೊರಡಿಸಿದ 29ನೇ ಬುಲೆಟಿನ್‌ನಲ್ಲಿ (ಸೇನೆಯ ಅಧಿಕೃತ ಪ್ರಕಟಣೆ) ಅವನು, ನವೆಂಬರ್ 6ರ ತನಕ ಹವೆ ಚೆನ್ನಾಗಿತ್ತು, ಸೇನೆಯ ನಡೆಯೂ ಸರಿಯಾಗಿತ್ತು, 7ರಿಂದ ಚಳಿ ಹಿಡಿಯಿತು ಎಂದು ಬರೆಸಿದ. ಅತ್ತ ಲಂಡನ್ನಿನಲ್ಲಿ 'ಜನರಲ್ ಫ್ರಾಸ್ಟ್' (ಹಿಮವೆಂಬ ಸೇನಾಪತಿ) ಅವನಿಗೆ ಕ್ಷೌರ ಮಾಡುವ ವ್ಯಂಗ್ಯಚಿತ್ರವೂ ಅದೇ ತಿಂಗಳು ಅಚ್ಚಾಯಿತು. ಸೋತವನೂ ಅವನ ಶತ್ರುವೂ ಒಂದೇ ಮಾತು ಹೇಳಿದ ಮೇಲೆ ಅದು ಪಠ್ಯಪುಸ್ತಕ ಸೇರಲು ತಡವಾಗಲಿಲ್ಲ.

ಈಗ ಅಂಕಿಗಳನ್ನು ನೋಡೋಣ. ಫ್ರೆಂಚ್ ಎಂಜಿನಿಯರ್ ಶಾರ್ಲ್ ಜೋಸೆಫ್ ಮಿನಾರ್ 1869ರಲ್ಲಿ ಈ ದಂಡಯಾತ್ರೆಯ ನಕ್ಷೆಯೊಂದನ್ನು ಬರೆದ. ಸೇನೆಯನ್ನು ಒಂದು ಪಟ್ಟಿಯಂತೆ ತೋರಿಸಿದ್ದಾನೆ: ಪಟ್ಟಿಯ ಒಂದು ಮಿಲಿಮೀಟರ್ ಅಗಲಕ್ಕೆ 10,000 ಸೈನಿಕರು. ರಷ್ಯಾದ ಗಡಿಯ ನೀಮನ್ ನದಿ ದಾಟುವಾಗ 4,22,000 ಜನ. ವಿಟೆಬ್ಸ್ಕ್ ಹತ್ತಿರ 1,75,000. ಮಾಸ್ಕೋದಲ್ಲಿ 1,00,000. ವಾಪಸು ನೀಮನ್ ದಡಕ್ಕೆ ಬಂದದ್ದು 10,000. ದಾರಿಯಲ್ಲಿ ಬದಿಗೆ ಕವಲೊಡೆದು ಹೋದ 80,000ದಷ್ಟು ಜನರನ್ನು ಕಳೆದರೂ ವಿಟೆಬ್ಸ್ಕ್‌ಗೆ ಬರುವಷ್ಟರಲ್ಲಿ ಪಟ್ಟಿ ಸುಮಾರು ಅರ್ಧವಾಗಿದೆ. ಅಲ್ಲಿಗೆ ಅವನು ತಲುಪಿದ್ದು ಜುಲೈ 28ಕ್ಕೆ. ಅಷ್ಟರಲ್ಲಿ ಒಂದು ದೊಡ್ಡ ಯುದ್ಧವೂ ನಡೆದಿರಲಿಲ್ಲ! ಕಾವಲಿಗೆ ಬಿಟ್ಟವರು, ಹಿಂದೆ ಬಿದ್ದವರು, ಓಡಿಹೋದವರು, ಆಸ್ಪತ್ರೆ ಸೇರಿದವರು, ಸತ್ತವರು ಎಲ್ಲರೂ ಆ ಕೊರತೆಯಲ್ಲಿದ್ದಾರೆ.

ಈ ನಕ್ಷೆ ನೋಡುವವರು ಒಂದು ವಿಷಯ ಗಮನದಲ್ಲಿಡಬೇಕು. ಕೆಳಗೆ ಉಷ್ಣತೆಯ ಗೆರೆ ಇದೆ, ಆದರೆ ಅದು ಹಿಮ್ಮೆಟ್ಟುವ ದಾರಿಗೆ ಮಾತ್ರ. ಹೋಗುವಾಗಿನ ಸೆಕೆಯ ಲೆಕ್ಕ ನಕ್ಷೆಯಲ್ಲೇ ಇಲ್ಲ. ಹಾಗಾಗಿ ಮೊದಲ ನೋಟಕ್ಕೆ ಚಳಿಯೇ ಕಾರಣ ಅನ್ನಿಸಿಬಿಡುತ್ತದೆ. ಡಿಸೆಂಬರ್ 6ಕ್ಕೆ ಬರೆದಿರುವ ಮೈನಸ್ 30 ಕೂಡ ರೇಯೊಮ್ಯೂರ್ (Réaumur) ಎಂಬ ಹಳೆಯ ಮಾಪಕದ್ದು. ಅದನ್ನು ಒಂದೂಕಾಲರಿಂದ ಗುಣಿಸಿದರೆ ಸೆಲ್ಸಿಯಸ್ ಸಿಗುತ್ತದೆ: ಮೈನಸ್ 37.5.

ಬೇಸಿಗೆಯಲ್ಲಿ ಸೇನೆ ಕರಗಿದ್ದು ಏಕೆ ಎಂಬುದಕ್ಕೆ ಒಂದು ಗಾಡಿಯ ಲೆಕ್ಕ ಸಾಕು. ನೆಪೋಲಿಯನ್ ನಂಬಿದ್ದ ದೊಡ್ಡ ಸರಕುಗಾಡಿಗೆ ನಾಲ್ಕು ಕುದುರೆ, ಹೊರೆ ಸುಮಾರು 1,500 ಕಿಲೊ. ಒಬ್ಬ ಸೈನಿಕನಿಗೆ ದಿನಕ್ಕೆ ಮುಕ್ಕಾಲು ಕಿಲೊ ರೊಟ್ಟಿ ಅಂದರೂ ಒಂದು ಲಕ್ಷ ಜನಕ್ಕೆ ದಿನಕ್ಕೆ 75 ಟನ್, ಅಂದರೆ 50 ಗಾಡಿ. ಇನ್ನು ಎಳೆಯುವ ಕುದುರೆಯ ಹೊಟ್ಟೆ. ಒಂದಕ್ಕೆ ದಿನಕ್ಕೆ 10 ಕಿಲೊ ಮೇವು ಬೇಕು, ನಾಲ್ಕಕ್ಕೆ 40. ಗಾಡಿಯ ತುಂಬ ಮೇವನ್ನೇ ಹೇರಿದರೂ 37 ದಿನಕ್ಕೆ ಖಾಲಿ. ನೀಮನ್ ದಡದ ಕೊವ್ನೊದಿಂದ ಮಾಸ್ಕೋಗೆ 900 ಕಿ.ಮೀ.ಗೂ ಹೆಚ್ಚು ದೂರ. ದಿನಕ್ಕೆ 25 ಕಿ.ಮೀ. ನಡೆದರೆ ಹೋಗುವುದಕ್ಕೇ 36 ದಿನ ದಾಟುತ್ತದೆ. ಅಂದರೆ ಗಾಡಿ ಮಾಸ್ಕೋ ತಲುಪುವಷ್ಟರಲ್ಲಿ ತನ್ನ ಹೊರೆಯನ್ನೆಲ್ಲ ತಾನೇ ತಿಂದಿರುತ್ತದೆ. ಸೈನಿಕನಿಗೆ ಉಳಿಯುವುದು ಏನೂ ಇಲ್ಲ.

ಇದು ಅವನಿಗೂ ಗೊತ್ತಿತ್ತು. ದಂಡಯಾತ್ರೆಯನ್ನು ಜೂನ್ ಕೊನೆಗೆ ಇಟ್ಟುಕೊಂಡದ್ದೇ ಅದಕ್ಕೆ: ಹುಲ್ಲು ಬೆಳೆದಿರುತ್ತದೆ, ಕುದುರೆ ದಾರಿಬದಿಯಲ್ಲಿ ಮೇಯುತ್ತದೆ ಎಂದು. ಆದರೆ ಲಕ್ಷಕ್ಕೂ ಮೀರಿದ ಕುದುರೆಗಳು ಒಂದೇ ದಾರಿಯಲ್ಲಿ ನಡೆದರೆ ಮುಂದಿನವು ಮೇಯ್ದ ಮೇಲೆ ಹಿಂದಿನವಕ್ಕೆ ಏನಿರುತ್ತದೆ? ಬಲಿಯದ ರೈ (ಗೋಧಿಯಂಥ ಧಾನ್ಯ) ಪೈರನ್ನು ಕೊಯ್ದು ಹಾಕಿದರು. ಓಟ್ಸ್ ತಿಂದು ರೂಢಿಯಿದ್ದ ಕುದುರೆಗಳಿಗೆ ಹಸಿ ಪೈರಿನಿಂದ ಹೊಟ್ಟೆ ಉಬ್ಬರಿಸಿ ಶೂಲೆ ಬಂತು. ಜೂನ್ 24ಕ್ಕೆ ನದಿ ದಾಟಿ ಒಂದು ವಾರ ಕಳೆಯುವುದರೊಳಗೆ ಗುಡುಗು ಮಳೆ ಸುರಿದು ಗಾಳಿ ತಣ್ಣಗಾಯಿತು. ಕೊವ್ನೊದಿಂದ ವಿಲ್ನಾಗೆ ಹೋಗುವ ರಸ್ತೆ ಕೆಸರಾಯಿತು. ಸ್ಥಳೀಯರು ಬಳಸುತ್ತಿದ್ದುದು ಒಂಟಿ ಕುದುರೆಯ ಹಗುರ ಬಂಡಿ. ಭಾರದ ಸೇನಾಗಾಡಿಗಳ ಗಾಲಿ ಆ ಮಣ್ಣಿನಲ್ಲಿ ಹೂತು ನಿಂತವು. ಆ ಕೆಲವೇ ದಿನಗಳಲ್ಲಿ ಸತ್ತ ಕುದುರೆಗಳ ಸಂಖ್ಯೆ 10,000ದ ಆಸುಪಾಸು. ನನ್ನ ದೃಷ್ಟಿಯಲ್ಲಿ ದಂಡಯಾತ್ರೆ ಮುರಿದದ್ದು ಇಲ್ಲೇ.

ಕೆಲವು ತುಕಡಿಗಳಿಗೆ ಎತ್ತಿನ ಗಾಡಿಯನ್ನೂ ಕೊಟ್ಟಿದ್ದರು. ಸಾಮಾನು ಖಾಲಿಯಾದ ಮೇಲೆ ಎತ್ತನ್ನೇ ಕಡಿದು ತಿನ್ನಬಹುದು ಎಂಬ ಎಣಿಕೆ. ಎತ್ತು ಕಟ್ಟಿದವರಿಗೆ ಇದರ ತೊಡಕು ಹೇಳಬೇಕಿಲ್ಲ. ಎತ್ತು ಮೇಯಬೇಕು, ಮಲಗಿ ಮೆಲುಕು ಹಾಕಬೇಕು. ಕುದುರೆಯ ವೇಗಕ್ಕೆ ದಿನವೂ ಓಡಿಸಿದರೆ ಬಿದ್ದುಹೋಗುತ್ತದೆ. ಸೇನೆಗೆ ಎತ್ತನ್ನು ಪಳಗಿಸುವುದೇ ಒಂದು ವಿದ್ಯೆ. ಮೈಸೂರಿನ ಅಮೃತ ಮಹಲ್ ತಳಿ ಅದಕ್ಕೆಂದೇ ಬೆಳೆಸಿದ್ದು. ಶ್ರೀರಂಗಪಟ್ಟಣ ಬಿದ್ದ ಮೇಲೆ, 1800ರಲ್ಲಿ ಧೋಂಡಿಯ ವಾಘನನ್ನು ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿ ಎತ್ತು, ಅಕ್ಕಿ, ದಾರಿಯ ಲೆಕ್ಕದಲ್ಲಿ ಪಳಗಿದ್ದು ನಮ್ಮ ನೆಲದಲ್ಲಿ. ಅದೇ 1812ರ ಜುಲೈನಲ್ಲಿ, ವೆಲ್ಲಿಂಗ್ಟನ್ ಎಂಬ ಹೆಸರು ಹೊತ್ತ ಅವನು ಹೇಸರಗತ್ತೆಗಳ ಸಾಲಿನಿಂದ ಸೇನೆಗೆ ಅನ್ನ ಒದಗಿಸಿಕೊಂಡು ಸ್ಪೇನಿನ ಸಲಮಾಂಕಾದಲ್ಲಿ ಫ್ರೆಂಚರನ್ನು ಸೋಲಿಸಿದ.

ಗಾಡಿ ಹಿಂದೆ ಬಿದ್ದಾಗ ಸೈನಿಕ ಸಿಕ್ಕಿದ್ದನ್ನು ತಿಂದ. ಕಾಳು ಸಿಕ್ಕರೂ ಬೀಸಲು ಕಲ್ಲಿಲ್ಲ, ಸುಡಲು ಒಲೆಯಿಲ್ಲ. ರೈ ಕಾಳನ್ನು ಹಾಗೇ ಬೇಯಿಸಿ ತಿಂದು, ಕೊಳೆತ ನೀರು ಕುಡಿದು ಭೇದಿ ಹತ್ತಿತು. ಬಟ್ಟೆ ಬದಲಿಸದ ಮೈಗೆ ಹೇನು, ಹೇನಿನಿಂದ ಟೈಫಸ್. (ಟೈಫಸ್ ಬೇರೆ, ಟೈಫಾಯ್ಡ್ ಬೇರೆ, ಅನುವಾದಗಳಲ್ಲಿ ಇವೆರಡೂ ಆಗಾಗ ಕಲಸಿಹೋಗುತ್ತವೆ.) 2001ರಲ್ಲಿ ವಿಲ್ನಾದಲ್ಲಿ, ಅಂದರೆ ಇಂದಿನ ವಿಲ್ನಿಯಸ್‌ನಲ್ಲಿ, ಕಟ್ಟಡದ ಕೆಲಸಕ್ಕೆ ನೆಲ ಅಗೆದಾಗ ಈ ಸೇನೆಯ ಸಾವಿರಾರು ಸೈನಿಕರ ಒಟ್ಟು ಗೋರಿ ಸಿಕ್ಕಿತು. ಅವರ ಹಲ್ಲುಗಳಲ್ಲಿ ಮತ್ತು ಗೋರಿಯ ಹೇನುಗಳಲ್ಲಿ ಉಳಿದಿದ್ದ ಡಿಎನ್‌ಎ ಪರೀಕ್ಷಿಸಿದವರಿಗೆ ಹೇನಿನಿಂದ ಹರಡುವ ಜ್ವರಗಳ ರೋಗಾಣು ಸಿಕ್ಕಿವೆ. 2025ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಪ್ಯಾರಾಟೈಫಾಯ್ಡ್ ರೋಗಾಣುವೂ ಕಂಡಿತು.

ಬೊರೊಡಿನೊ ಯುದ್ಧ ನಡೆದದ್ದು ಸೆಪ್ಟೆಂಬರ್ 7ಕ್ಕೆ. ರಷ್ಯನ್ ಪುಸ್ತಕಗಳಲ್ಲಿ ಆಗಸ್ಟ್ 26 ಎಂದಿದ್ದರೆ ಗಾಬರಿ ಬೇಡ, ಅವರ ಹಳೆಯ ಪಂಚಾಂಗ ಆಗ 12 ದಿನ ಹಿಂದಿತ್ತು. ಒಂದೇ ದಿನ ಎರಡೂ ಕಡೆ ಸೇರಿ ಸುಮಾರು 70,000 ಜನ ಸತ್ತರು ಅಥವಾ ಗಾಯಗೊಂಡರು. ಸೆಪ್ಟೆಂಬರ್ 14ಕ್ಕೆ ಮಾಸ್ಕೋ ಕೈಗೆ ಬಂತು, ಆಮೇಲೆ ಹೊತ್ತಿ ಉರಿಯಿತು. ರಷ್ಯಾದ ಚಕ್ರವರ್ತಿ ಅಲೆಕ್ಸಾಂಡರ್ ಸಂಧಿಗೆ ಬರುತ್ತಾನೆಂದು ನೆಪೋಲಿಯನ್ 35 ದಿನ ಕಾದ. ಊರಲ್ಲಿ ಮನುಷ್ಯರಿಗೆ ಆಹಾರ ಸಿಗುತ್ತಿತ್ತು, ಕುದುರೆಗೆ ಮೇವಿರಲಿಲ್ಲ. ಮೇವು ತರಲು ಹೊರಗೆ ಹೋದವರನ್ನು ರಷ್ಯನ್ ಸೇನೆಯ ಕೊಸಾಕ್ ಸವಾರರೂ ರೈತರೂ ಹಿಡಿಯುತ್ತಿದ್ದರು.

ಅಕ್ಟೋಬರ್ 19ಕ್ಕೆ ಹೊರಟವನು ಮೊದಲು ಹಿಡಿದದ್ದು ದಕ್ಷಿಣದ ದಾರಿ. ಕಲೂಗಾ ಕಡೆಯ ಸೀಮೆ ಸುಟ್ಟಿರಲಿಲ್ಲ, ಅಲ್ಲಿ ದವಸವಿತ್ತು. ಆದರೆ 24ರಂದು ಮಾಲೊಯಾರೊಸ್ಲಾವೆಟ್ಸ್‌ನಲ್ಲಿ ರಷ್ಯನ್ ಸೇನಾಪತಿ ಕುಟುಜೋವ್‌ನ ಸೇನೆ ಅಡ್ಡ ಬಂತು. ಊರು ಫ್ರೆಂಚರ ಕೈಯಲ್ಲೇ ಉಳಿದರೂ ನೆಪೋಲಿಯನ್ ಮುಂದೆ ನುಗ್ಗದೆ ತಾನು ಬಂದಿದ್ದ ಸ್ಮೊಲೆನ್ಸ್ಕ್ ರಸ್ತೆಗೇ ತಿರುಗಿದ. ಎರಡು ಸೇನೆಗಳು ಬರಿದು ಮಾಡಿದ್ದ ರಸ್ತೆ ಅದು. ಬೊರೊಡಿನೊದಲ್ಲಿ ಹೂಳದ ಹೆಣಗಳು ಇನ್ನೂ ಬಿದ್ದಿದ್ದವು. ಮಿನಾರ್‌ನ ಪಟ್ಟಿ 96,000ದಿಂದ ವ್ಯಾಜ್ಮಾ ದಾಟುವಲ್ಲಿ 55,000ಕ್ಕೆ ಇಳಿಯುತ್ತದೆ. ಆ ದಾರಿಯ ಬಹುಪಾಲು ಸವೆದದ್ದು ಹಿಮ ಬೀಳುವ ಮುಂಚೆ.

ಇನ್ನು ಚಳಿಯ ವಿಚಾರ. ಅದು ಯಾವಾಗಲೂ ಒಂದೇ ಕಡೆಗೆ ಕೆಲಸ ಮಾಡಲಿಲ್ಲ. ನವೆಂಬರ್ ಕೊನೆಗೆ ಬೆರೆಜಿನಾ ನದಿಯ ದಡಕ್ಕೆ ಬಂದಾಗ ಮಂಜು ಕರಗಿತ್ತು! ಗಟ್ಟಿಯಾಗಿ ಹೆಪ್ಪುಗಟ್ಟಿದ್ದರೆ ನಡೆದೇ ದಾಟಬಹುದಿತ್ತು. ದೋಣಿಸೇತುವೆಯ ಸಾಮಾನನ್ನು ಕೆಲವೇ ದಿನ ಮೊದಲು ಓರ್ಷಾದಲ್ಲಿ ಸುಡಿಸಿದ್ದರು, ಎಳೆಯಲು ಕುದುರೆ ಸಾಲದೆ. ಸೇತುವೆ ಕಟ್ಟುವವರ ಮುಖ್ಯಸ್ಥ ಜನರಲ್ ಎಬ್ಲೆ ಮಾತ್ರ ಹಠ ಹಿಡಿದು ಮೊಳೆ, ಉಪಕರಣ, ಎರಡು ಕುಲುಮೆ, ಇದ್ದಿಲು ಇದ್ದ ಕೆಲವು ಗಾಡಿ ಉಳಿಸಿಕೊಂಡಿದ್ದ. ಅವನ 400ರಷ್ಟು ಜನ ಸ್ಟುಡ್ಯಾಂಕಾ ಹಳ್ಳಿಯ ಮನೆಗಳ ಮರ ಕಿತ್ತು, ಎದೆಮಟ್ಟದ ನೀರಿನಲ್ಲಿ ತೇಲುವ ಮಂಜುಗಡ್ಡೆಗಳ ನಡುವೆ ನಿಂತು ನವೆಂಬರ್ 26ರಂದು ಎರಡು ಸೇತುವೆ ಕಟ್ಟಿದರು. ಫಿರಂಗಿಗಳ ಸೇತುವೆ ಮೂರು ಸಲ ಮುರಿಯಿತು, ಮೂರು ಸಲವೂ ನೀರಿಗಿಳಿದು ಸರಿಮಾಡಿದರು. ಅವರಲ್ಲಿ ಬದುಕಿ ಮನೆ ಸೇರಿದವರು ಬೆರಳೆಣಿಕೆಯಷ್ಟು. ಎಬ್ಲೆಯೂ ವರ್ಷ ಮುಗಿಯುವಾಗ ತೀರಿಕೊಂಡ.

ನಿಜವಾದ ಕಡುಚಳಿ ಬಂದದ್ದು ಇದಾದ ಮೇಲೆ, ಡಿಸೆಂಬರ್ ಮೊದಲ ವಾರದಲ್ಲಿ. ಆಗ ಬಯಲಾದ ಕೊರತೆ ಲಾಳದ್ದು. ಮಂಜುಗಡ್ಡೆಯ ಮೇಲೆ ನಡೆಯಬೇಕಾದರೆ ಕುದುರೆಯ ಲಾಳಕ್ಕೆ ಕೆಳಮುಖದ ಚೂಪು ಮೊನೆ ಬೇಕು. ಬೇಸಿಗೆಯ ನಯ ಲಾಳ ಜಾರುತ್ತದೆ. ಅರಮನೆಯ ಕುದುರೆಗಳಿಗೆ ಅವುಗಳ ಉಸ್ತುವಾರಿ ಹೊತ್ತಿದ್ದ ಕೊಲೆಂಕೂರ್ ಸಕಾಲದಲ್ಲಿ ಮೊನೆಯ ಲಾಳ ಹೊಡೆಸಿದ್ದ. ಉಳಿದ ಸೇನೆಗೆ ಅದಾಗಲಿಲ್ಲ. ಡಿಸೆಂಬರ್ 10ರಂದು ವಿಲ್ನಾ ಬಿಟ್ಟು ಪಶ್ಚಿಮಕ್ಕೆ ಹೊರಟವರಿಗೆ ಊರಾಚೆ ಪೊನಾರಿ ದಿಬ್ಬ ಎದುರಾಯಿತು. ಹೇಳಿಕೊಳ್ಳುವ ಎತ್ತರದ್ದೇನಲ್ಲ, ಆದರೆ ರಸ್ತೆ ಪೂರ್ತಿ ಗಾಜಿನಂತೆ ಹೆಪ್ಪುಗಟ್ಟಿತ್ತು. ಕುದುರೆಗಳು ನಾಲ್ಕು ಹೆಜ್ಜೆ ಏರಿ ಮಂಡಿಯೂರಿ ಬಿದ್ದವು. ಉಳಿದಿದ್ದ ಫಿರಂಗಿಗಳೂ ಗಾಯಾಳುಗಳ ಬಂಡಿಗಳೂ ಅಲ್ಲೇ ನಿಂತವು. ಖಜಾನೆಯ ಗಾಡಿಗಳೂ ಮೇಲೇರಲಿಲ್ಲ. ಪೆಟ್ಟಿಗೆ ಒಡೆದು ಸೈನಿಕರು ಚಿನ್ನದ ನಾಣ್ಯಗಳನ್ನು ಜೇಬಿಗೆ ತುಂಬಿಕೊಳ್ಳುತ್ತಿದ್ದಾಗ ಕೊಸಾಕರು ಹಿಂದಿನಿಂದ ಬಂದರು.