‘0.01ಕ್ಕಿಂತ ಕಡಿಮೆ’ ಎಂದರೆ ಎಷ್ಟು?

ಕೊಡಗಿನ ಬೆಳೆಗಾರರೊಬ್ಬರು ಕಾಳುಮೆಣಸಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿದರೆ ಬರುವ ವರದಿಯಲ್ಲಿ ಹತ್ತಾರು ಕೀಟನಾಶಕಗಳ ಹೆಸರಿರುತ್ತದೆ; ಬಹುಪಾಲು ಹೆಸರುಗಳ ಮುಂದೆ ‘0.01ಕ್ಕಿಂತ ಕಡಿಮೆ’ ಎಂದಷ್ಟೇ ಬರೆದಿರುತ್ತದೆ. ಓದಿದವರು ಏನೂ ಇಲ್ಲವೆಂದು ನೆಮ್ಮದಿಪಡುತ್ತಾರೆ. ಆದರೆ ಆ ಸಾಲಿನ ಅರ್ಥ, ಕಿಲೋಗೆ 0.01 ಮಿಲಿಗ್ರಾಂಗಿಂತ ಕೆಳಗಿನದನ್ನು ಆ ಪರೀಕ್ಷೆ ಖಚಿತವಾಗಿ ಅಳೆಯಲಾರದು ಎಂಬುದು. ಊಟದ ಮೂಲಕ ದೇಹಕ್ಕೆ ಎಷ್ಟು ಕೀಟನಾಶಕ ಸೇರುತ್ತದೆ ಎಂದು ಲೆಕ್ಕ ಹಾಕುವವರಿಗೆ ಅಲ್ಲಿ ಒಂದು ಅಂಕಿ ಬೇಕೇ ಬೇಕು.

ನಮ್ಮ ದೇಶದಲ್ಲಿ ಈ ಚಿಂತೆ ಮೊಳೆತದ್ದು ದುರಂತದಿಂದ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತ ಗೋಧಿಹಿಟ್ಟನ್ನು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಅದರ ಬೆನ್ನಿಗೆ ನಡೆದ ವಿಚಾರಣೆಗಳ ಫಲವಾಗಿ 1968ರ ಕೀಟನಾಶಕ ಕಾಯ್ದೆ ಬಂತು. ಅದೇ ಅವಧಿಯಲ್ಲಿ, 1963ರಿಂದ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯೂ ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿ ಕೀಟನಾಶಕಗಳ ಉಳಿಕೆಯನ್ನು ಪರಿಶೀಲಿಸತೊಡಗಿದವು. ಲೆಕ್ಕದ ತಿರುಳು ಅಂದಿನಿಂದ ಬದಲಾಗಿಲ್ಲ: ಆಹಾರದಲ್ಲಿರುವ ಉಳಿಕೆಯನ್ನು ತಿಂದ ಪ್ರಮಾಣದಿಂದ ಗುಣಿಸಿ ದೇಹತೂಕದಿಂದ ಭಾಗಿಸಬೇಕು, ಬಂದದ್ದನ್ನು ಆ ರಾಸಾಯನಿಕಕ್ಕೆ ನಿಗದಿಪಡಿಸಿದ ದೈನಂದಿನ ಮಿತಿಯೊಂದಿಗೆ ಹೋಲಿಸಬೇಕು.

ತೊಡಕಿರುವುದು ಮೊದಲ ಅಂಕಿಯಲ್ಲೇ. ದಿನಕ್ಕೆ 300 ಗ್ರಾಂ ಅಕ್ಕಿಯನ್ನು ಅನ್ನವಾಗಿ, ಅಕ್ಕಿರೊಟ್ಟಿಯಾಗಿ, ಕಡಂಬುಟ್ಟಾಗಿ ತಿನ್ನುವ ಒಬ್ಬರನ್ನು ಊಹಿಸಿಕೊಳ್ಳೋಣ. ಅವರ ಅಕ್ಕಿಯ ವರದಿಯಲ್ಲಿ ‘0.01ಕ್ಕಿಂತ ಕಡಿಮೆ’ ಎಂದಿದೆ. ಅದನ್ನು ಸೊನ್ನೆ ಎಂದುಕೊಂಡರೆ ಅಕ್ಕಿಯಿಂದ ಏನೂ ಬರುವುದಿಲ್ಲ; 0.01 ಎಂದೇ ಹಿಡಿದರೆ ದಿನಕ್ಕೆ 0.003 ಮಿಲಿಗ್ರಾಂ ಬರುತ್ತದೆ. ಅದೇ ವ್ಯಕ್ತಿ 2 ಗ್ರಾಂ ಮೆಣಸು ತಿಂದು, ಅದರಲ್ಲಿ ಕಿಲೋಗೆ 0.1 ಮಿಲಿಗ್ರಾಂ ಉಳಿಕೆ ನಿಜವಾಗಿಯೇ ಸಿಕ್ಕಿದ್ದರೂ ಅದರಿಂದ ಬರುವುದು 0.0002 ಮಿಲಿಗ್ರಾಂ. ಪತ್ತೆಯಾದ ಮೆಣಸಿಗಿಂತ ಪತ್ತೆಯಾಗದ ಅಕ್ಕಿಯ ಪಾಲು ಹದಿನೈದು ಪಟ್ಟು ಹೆಚ್ಚಾಗಬಹುದು! ಸಂಬಾರ ಪದಾರ್ಥಗಳ ಸುದ್ದಿ ಬಂದಾಗಲೆಲ್ಲ ಮೆಣಸು, ಏಲಕ್ಕಿಗಳತ್ತಲೇ ಬೆರಳು ತೋರಿಸುವ ನಾವು ಈ ಲೆಕ್ಕವನ್ನು ಒಮ್ಮೆಯಾದರೂ ಮಾಡಿ ನೋಡಬೇಕು.

ಆರಂಭದಲ್ಲಿ ಇಂಥ ಕಡೆ ಅಳತೆಯ ಮಿತಿಯ (ಇಲ್ಲಿ 0.01) ಅರ್ಧವನ್ನು ತುಂಬಿಸುವುದು ರೂಢಿಯಾಗಿತ್ತು. 1995ರಲ್ಲಿ ಜರ್ಮನಿಯ ಕುಲ್ಮ್‌ಬಾಖ್‌ನಲ್ಲಿ ಸೇರಿದ ತಜ್ಞರು, ಶೇ. 60ಕ್ಕಿಂತ ಹೆಚ್ಚು ಮಾದರಿಗಳು ಮಿತಿಗಿಂತ ಕೆಳಗಿದ್ದರೆ ಅರ್ಧದ ಉಪಾಯ ಸಲ್ಲದು, ಸೊನ್ನೆಯಿಂದ ಒಮ್ಮೆ, ಪೂರ್ಣ ಮಿತಿಯಿಂದ ಒಮ್ಮೆ ಲೆಕ್ಕ ಹಾಕಿ ಎರಡನ್ನೂ ಮುಂದಿಡಬೇಕು ಎಂದರು. ಸಿಕ್ಕ ಅಂಕಿಗಳ ಹರಡಿಕೆಯಿಂದ ಕಾಣದವುಗಳ ಹರಡಿಕೆಯನ್ನು ಅಂದಾಜಿಸುವ ಸಂಖ್ಯಾಶಾಸ್ತ್ರೀಯ ಮಾದರಿಗಳೂ ಬಳಕೆಗೆ ಬಂದವು.

ಬ್ರಿಟನ್ನಿನ ಕ್ಯಾರೆಟ್‌ಗಳು 1990ರ ದಶಕದಲ್ಲಿ ಇನ್ನೊಂದು ಪಾಠ ಕಲಿಸಿದವು: ಒಟ್ಟಿಗೆ ಅರೆದ ಮಾದರಿಯ ಸರಾಸರಿಗಿಂತ ಬಿಡಿ ಕ್ಯಾರೆಟ್‌ನಲ್ಲಿ ಎಷ್ಟೋ ಪಟ್ಟು ಹೆಚ್ಚು ಉಳಿಕೆ ಇರಬಹುದು. ಚೀಲದ ಮೆಣಸಿನಲ್ಲಿ ಸಾವಿರಾರು ಕಾಳು ಬೆರೆತಿರುವುದರಿಂದ ಸರಾಸರಿ ಸಾಕು. ಕೊಡಗಿನ ಕಿತ್ತಳೆಯನ್ನು ಒಂದೊಂದಾಗಿ ಸುಲಿದು ತಿನ್ನುತ್ತೇವಾದ್ದರಿಂದ ಅದಕ್ಕೆ ಆ ವ್ಯತ್ಯಾಸವನ್ನು ಸೇರಿಸಲೇಬೇಕು.

ಯಾವ ಸಂಖ್ಯಾಶಾಸ್ತ್ರೀಯ ಮಾದರಿಯೂ ತಾನಾಗಿ ಹೇಳಲಾರದ ಸಂಗತಿಯೊಂದಿದೆ. ಔಷಧಿಯನ್ನೇ ಹೊಡೆಯದ ತೋಟದ ಸೊನ್ನೆಯೂ ಹೊಡೆದು ಕರಗಿಹೋದ ತೋಟದ ‘0.01ಕ್ಕಿಂತ ಕಡಿಮೆ’ಯೂ ವರದಿಯಲ್ಲಿ ಒಂದೇ ಥರ ಕಾಣುತ್ತವೆ. ಅವನ್ನು ಬೇರ್ಪಡಿಸಬಲ್ಲದ್ದು ಬೆಳೆಗಾರರು ಬರೆದಿಟ್ಟ ಸಿಂಪಡಣೆಯ ದಾಖಲೆ. ಕಾಫಿ ಗಿಡಗಳ ನೆರಳಿನ ಮರಗಳಿಗೇ ಮೆಣಸಿನ ಬಳ್ಳಿ ಹಬ್ಬಿಸುವ ನಮ್ಮಲ್ಲಿ, ಮೆಣಸಿಗೆ ಹೊಡೆದದ್ದರ ಜೊತೆಗೆ ಕಾಫಿಗೆ ಬಳಸಿದ್ದೂ ಅದರಲ್ಲಿ ಇರಬೇಕು. ಅರೇಬಿಕಾ ಕಾಫಿಯ ಕಾಂಡಗಳಿಗೆ ಬಿಳಿ ಕಾಂಡಕೊರಕ ಹುಳುವಿನ ವಿರುದ್ಧ ಒಂದು ಕಾಲದಲ್ಲಿ ಲಿಂಡೇನ್ ಎಂಬ ಕೀಟನಾಶಕವನ್ನು ಬಳಿಯುತ್ತಿದ್ದರು. ಅದರ ಬಳಕೆ 2013ರಲ್ಲಿ ನಿಷೇಧವಾಯಿತು. ಮಣ್ಣಿನಲ್ಲಿ ಬಹುಕಾಲ ಉಳಿಯುವ ಅಂಥ ರಾಸಾಯನಿಕಕ್ಕೆ ಸೊನ್ನೆ ಬರೆಯುವ ಮುನ್ನ ಸಿಂಪಡಣೆಯ ಹಳೆಯ ದಾಖಲೆ ಪುಸ್ತಕಗಳ ಪುಟಗಳನ್ನೂ ತೆರೆದು ನೋಡಬೇಕಾಗುತ್ತದೆ.