ಕೈ ಎಲ್ಲಿ ಹೋಯಿತು? ರವಿವರ್ಮನಿಂದ ಎಐವರೆಗೆ ನಕಲಿನ ದಾರಿ

ಊರಿನ ಮನೆಯ ಅಟ್ಟ ಖಾಲಿ ಮಾಡುವಾಗ ನನ್ನ ಹಳೆಯ ನೋಟ್‌ಬುಕ್ ಸಿಕ್ಕಿತು. ಐದನೇ ಕ್ಲಾಸಿನಲ್ಲಿ ಬಿಡಿಸಿದ ಕಾಮಿಕ್ಸ್. ಹೀರೋ ಹೆಸರು ವಜ್ರಸೇನ. ಅಗಲ ಎದೆ, ಸಣ್ಣ ಸೊಂಟ, ಗಾಳಿಗೆ ಹಾರುವ ಉತ್ತರೀಯ. ಒಂದೊಂದೇ ಚಿತ್ರ ನೋಡುತ್ತಾ ಹೋದೆ. ಎಲ್ಲೂ ಅವನ ಕೈ ಪೂರ್ತಿ ಕಾಣುವುದಿಲ್ಲ. ಒಂದು ಕಡೆ ಬೆನ್ನ ಹಿಂದಿದೆ, ಇನ್ನೊಂದು ಕಡೆ ಗುರಾಣಿಯ ಹಿಂದೆ. ಕುದುರೆಯ ಕಾಲುಗಳೆಲ್ಲ ಧೂಳಿನಲ್ಲಿ ಮುಚ್ಚಿಹೋಗಿವೆ. ಒಂದು ಹಾಳೆ ಮಾತ್ರ ಹಳದಿಯಾಗಿ, ಆಚೆಯ ಬೆಳಕು ಕಾಣುವಷ್ಟು ತೆಳುವಾಗಿದೆ. ಅದಕ್ಕೆ ಕೊಬ್ಬರಿ ಎಣ್ಣೆ ಸವರಿ, ಮಕ್ಕಳ ಪತ್ರಿಕೆ ಚಂದಮಾಮದ ಚಿತ್ರದ ಮೇಲಿಟ್ಟು ಗೆರೆ ತೆಗೆದಿದ್ದೆ. ಆ ಹಾಳೆಯಲ್ಲಿ ಐದು ಬೆರಳೂ ಸರಿಯಾಗಿವೆ.

ಈ ನೋಟ್‌ಬುಕ್ ಸಿಕ್ಕಿದ್ದು ಒಳ್ಳೆಯ ಸಮಯಕ್ಕೇ. 2025ರ ಮಾರ್ಚ್‌ನಲ್ಲಿ ಕಾರ್ಟೂನ್ ಸಿನಿಮಾ ಮಾಡುವ ಜಪಾನಿನ ಜಿಬ್ಲಿ ಸ್ಟುಡಿಯೋದ ಶೈಲಿಯಲ್ಲಿ ಎಲ್ಲರೂ ತಮ್ಮ ಫೋಟೋಗಳನ್ನು ಎಐ ಬಳಸಿ ಬದಲಾಯಿಸಿಕೊಂಡರಲ್ಲ, ಅಂದಿನಿಂದ ಒಂದು ಜಗಳ ನಡೆದೇ ಇದೆ. ಒಬ್ಬರ ಶೈಲಿಯನ್ನು ಎಐ ನಕಲು ಮಾಡಬಹುದಾ? ಕಳ್ಳತನ ಅನ್ನುವವರಿದ್ದಾರೆ. ಕಲಾವಿದರೆಲ್ಲ ನಕಲು ಮಾಡಿಯೇ ಕಲಿತದ್ದಲ್ವಾ ಅನ್ನುವವರೂ ಇದ್ದಾರೆ. ಎರಡರಲ್ಲೂ ಸ್ವಲ್ಪ ನಿಜ ಇದೆ. ಆದರೆ ಇದು ನಿನ್ನೆ ಮೊನ್ನೆ ಹುಟ್ಟಿದ ಪ್ರಶ್ನೆ ಅಲ್ಲ.

ನಮ್ಮಲ್ಲಿ ಕಥೆಯನ್ನು ರಾಜಾ ರವಿವರ್ಮನಿಂದ ಶುರು ಮಾಡಬೇಕು. ತಿರುವಾಂಕೂರಿನ ಅರಮನೆಗೆ ಬಂದಿದ್ದ ಯುರೋಪಿನ ಚಿತ್ರಕಾರ ಕೆಲಸ ಮಾಡುವುದನ್ನು ನೋಡಿ ನೋಡಿಯೇ ಅವರು ತೈಲವರ್ಣ ಕಲಿತರು. ಅಂದರೆ ಅವರೂ ಮೊದಲು ಅನುಕರಣೆಯಿಂದಲೇ ಬಂದವರು. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಬರೋಡಾದ ಮಹಾರಾಜರಿಗೆ ಪುರಾಣದ ಚಿತ್ರಗಳನ್ನು ಬರೆಯುವ ಮೊದಲು ದೇಶ ಸುತ್ತಿದರು. ಹೆಂಗಸರು ಸೀರೆ ಹೇಗೆ ಉಡುತ್ತಾರೆ, ನೆರಿಗೆ ಹೇಗೆ ಬೀಳುತ್ತದೆ ಎಂದು ಕಣ್ಣಾರೆ ಕಂಡರು. 1894ರಲ್ಲಿ ಮುಂಬೈಯ ಘಾಟ್ಕೋಪರ್‌ನಲ್ಲಿ ಪ್ರೆಸ್ ಹಾಕಿದರು. ಅಲ್ಲಿಂದ ಹೊರಟ ಲಕ್ಷ್ಮಿ, ಸರಸ್ವತಿಯರು ದೇವರ ಕೋಣೆಗಳಿಗೆ ಬಂದು ಕೂತರು. ರವಿವರ್ಮರ ಕೈಯಿಂದಲೇ ಬಂದ ಚಿತ್ರ ನೋಡಬೇಕೆಂದರೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಬಹುದು. ಬೇರೆಯವರಿಗೆಲ್ಲ ಕ್ಯಾಲೆಂಡರ್ರೇ ಗತಿ.

ಕ್ಯಾಲೆಂಡರ್ ಕಾಲದ ದೊಡ್ಡ ಹೆಸರು ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರದು. ಸಿನಿಮಾ ಪೋಸ್ಟರ್‌ಗಳ ಬೆಳಕನ್ನು ದೇವರ ಮೈಮೇಲೆ ತಂದವರು ಅವರು. ಅವರ ಚಿತ್ರದಲ್ಲಿ ಆ ಹೊಳಪಿನ ಕೆಳಗೆ ಮೂಳೆ, ಮಾಂಸ ಇರುತ್ತದೆ. ಹಿಂದೆ ಬಂದವರು ಹೊಳಪನ್ನಷ್ಟೇ ತೆಗೆದುಕೊಂಡರು.

ನನಗೆ ಚೆನ್ನಾಗಿ ಗೊತ್ತಿರುವುದು ಅದರ ನಂತರದ ಕಾಲ, ಚಂದಮಾಮದ ಕಾಲ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಮದ್ರಾಸಿನಲ್ಲಿ 1947ರಲ್ಲಿ ತೆಲುಗು, ತಮಿಳಿನಲ್ಲಿ ಇದನ್ನು ಶುರು ಮಾಡಿದರು. ಕನ್ನಡವೂ ಬೇಗ ಸೇರಿತು. ಅದರ ಚಿತ್ರಕಾರ ಎಂ.ಟಿ.ವಿ. ಆಚಾರ್ಯರ ಮಹಾಭಾರತದ ಮುಖಪುಟಗಳನ್ನು ಕತ್ತರಿಸಿ ಗೋಡೆಗೆ ಅಂಟಿಸಿದ ಮನೆಗಳನ್ನು ನಾನೇ ನೋಡಿದ್ದೇನೆ. 1952ರಲ್ಲಿ ಚಿತ್ರಕಾರ ಶಂಕರ್ ಬಂದರು. ಮದ್ರಾಸಿನ ಕಲಾಶಾಲೆಯಲ್ಲಿ ದೇವಿಪ್ರಸಾದ್ ರಾಯ್ ಚೌಧರಿಯವರ ಕೈಕೆಳಗೆ ಕಲಿತವರು. ರಾಜ ವಿಕ್ರಮ ಮತ್ತು ಬೇತಾಳನ ಕಥೆಯ ಮೇಲಿನ ಆ ಚಿತ್ರ ಅವರದೇ. ಕೈಯಲ್ಲಿ ಹಿರಿದ ಕತ್ತಿ, ಹೆಗಲ ಮೇಲೆ ಜೋತುಬಿದ್ದ ಹೆಣ, ಸುತ್ತ ಸ್ಮಶಾನ. ಸುಮ್ನೆ ಒಮ್ಮೆ ಆ ಕೈಗಳನ್ನು ನೋಡಿ. ಕತ್ತಿ ಹಿಡಿದ ಮುಷ್ಟಿ ಒಂದು ರೀತಿ, ಹೆಣ ಹಿಡಿದ ಕೈ ಇನ್ನೊಂದು ರೀತಿ.

ಚಂದಮಾಮದ ರಾಜರು ಪತ್ರಿಕೆಯಿಂದ ಆಚೆಗೂ ಹೋದರು. ಶಾಲೆಯ ಗೋಡೆ, ನಾಟಕದ ಪರದೆ, ಲಾರಿಯ ಹಿಂಬದಿ, ಅಂಗಡಿಯ ಬೋರ್ಡು. ನಮ್ಮೂರಿನ ಬೋರ್ಡ್ ಬರೆಯುವವರೊಬ್ಬರು ಕೆಲಸ ಮಾಡುವುದನ್ನು ಗಂಟೆಗಟ್ಟಲೆ ನೋಡುತ್ತಾ ನಿಲ್ಲುತ್ತಿದ್ದೆ. ಸಣ್ಣ ಚಿತ್ರದ ಮೇಲೆ ಪೆನ್ಸಿಲ್‌ನಲ್ಲಿ ಚೌಕ ಹಾಕುವುದು. ಗೋಡೆಯ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕ. ಆಮೇಲೆ ಒಂದೊಂದೇ ಚೌಕ ತುಂಬುತ್ತಾ ಹೋಗುವುದು. ಅಳತೆ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಆದರೆ ಕಣ್ಣು ಇರುತ್ತಿದ್ದದ್ದು ಚೌಕದ ಮೇಲೆ, ಮೈಮೇಲಲ್ಲ. ಆ ಗೋಡೆಯನ್ನು ನೋಡಿ ಇನ್ನೊಬ್ಬರು ಬರೆದರೆ ಪಾದ ಹೋಗುತ್ತಿತ್ತು. ಮೂರನೆಯವರಲ್ಲಿ ಬೆರಳು. ಆಮೇಲೆ ಒಡವೆಗಳೆಲ್ಲ ಬರೀ ಚುಕ್ಕಿ. ಅವರಿಗೆ ಕೂಲಿ ಸಿಗುತ್ತಿದ್ದದ್ದು ಅಡಿ ಲೆಕ್ಕದಲ್ಲಿ, ಹಬ್ಬದೊಳಗೆ ಕೆಲಸ ಮುಗಿಯಬೇಕಿತ್ತು. ಸ್ಮಶಾನಕ್ಕೆ ಹೋಗಿ ಮರ ನೋಡಿಕೊಂಡು ಬನ್ನಿ ಎಂದು ಅವರಿಗೆ ಯಾರು ಪುರುಸೊತ್ತು ಕೊಟ್ಟಿದ್ದರು?

ಅಮರ ಚಿತ್ರ ಕಥೆಯಲ್ಲೂ ಇದೇ ಆಯಿತು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು 1967ರಲ್ಲಿ ಶುರು ಮಾಡಿದ ಕಾಮಿಕ್ಸ್ ಸರಣಿ. ರಾಮ್ ವಾಯಿರ್ಕರ್ ಬಿಡಿಸಿದ ಕೃಷ್ಣನನ್ನು ನೋಡಿ ಒಂದು ತಲೆಮಾರಿನ ಮಕ್ಕಳು ಕೃಷ್ಣ ಇರುವುದೇ ಹೀಗೆ ಎಂದುಕೊಂಡರು. ನಂತರ ಬಂದ ಅಗ್ಗದ ಕಾಮಿಕ್ಸ್‌ಗಳಲ್ಲಿ ಆ ಕಿರೀಟ ಉಳಿಯಿತು, ಮುಖದ ತುಂಟತನ ಉಳಿಯಲಿಲ್ಲ. ನನ್ನ ವಜ್ರಸೇನನ ಕಿರೀಟವೂ ಅದೇ.

ಎಐ ಬಂದ ಹೊಸತರಲ್ಲಿ ಅದು ಆರೇಳು ಬೆರಳು ಬಿಡಿಸುತ್ತಿತ್ತು, ನೆನಪಿರಬಹುದು. ಅದು ಕಲಿತದ್ದು ಚಿತ್ರಗಳಿಂದ ಮಾತ್ರ. ಚಿತ್ರಗಳಲ್ಲಿ ಕೈ ಸಣ್ಣದಾಗಿರುತ್ತದೆ, ಏನನ್ನೋ ಹಿಡಿದಿರುತ್ತದೆ, ಅರ್ಧ ಮರೆಯಾಗಿರುತ್ತದೆ. ನನ್ನ ನೋಟ್‌ಬುಕ್ಕಿನ ತೊಂದರೆಯೂ ಅದೇ ಆಗಿತ್ತು. ಶೈಲಿಯ ನಕಲಿನ ಜಗಳದಲ್ಲಿ ಕಾನೂನು ಜಾಸ್ತಿ ಸಹಾಯ ಮಾಡುವುದಿಲ್ಲ. 1957ರ ಕಾಪಿರೈಟ್ ಕಾಯ್ದೆ ಒಂದು ಚಿತ್ರವನ್ನು ಕಲಾವಿದರು ತೀರಿಕೊಂಡ ನಂತರವೂ 60 ವರ್ಷ ಕಾಯುತ್ತದೆ. ಆದರೆ ಶೈಲಿ ಯಾರ ಸೊತ್ತೂ ಅಲ್ಲ. ಚಂದಮಾಮ 2013ರ ಹೊತ್ತಿಗೆ ನಿಂತಿತು. ಶಂಕರ್ 2020ರಲ್ಲಿ ತೀರಿಕೊಂಡರು. ಅವರ ಬೇತಾಳನಂಥ ಬೇತಾಳಗಳು ಈಗ ದಿನಾ ಹುಟ್ಟುತ್ತಿವೆ.

ಅಕ್ಕನ ಮಗ ಮೊನ್ನೆ ಅಂಥದ್ದೊಂದನ್ನು ಮಾಡಿ ಮನೆಯ ಗ್ರೂಪಿಗೆ ಹಾಕಿದ. "ಮಾವ, ಹೇಗಿದೆ?" ದೊಡ್ಡದು ಮಾಡಿ ನೋಡಿದೆ. ಬೆರಳು ಐದೇ ಇದ್ದವು, ಬಣ್ಣವೂ ಚೆಂದ. ಆದರೆ ಹೆಣ ಮಾತ್ರ ಶಾಲು ಹೊದೆಸಿದ ಹಾಗೆ ಹೆಗಲ ಮೇಲಿತ್ತು. ನನ್ನ ಹಳೆಯ ಚಂದಮಾಮದ ಪುಟದ ಫೋಟೋ ತೆಗೆದು ಕಳಿಸಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು ಎಂದೆ. ಅರ್ಧ ಗಂಟೆಯ ನಂತರ ಉತ್ತರ ಬಂತು.

"ಮಾವ, ಇದರಲ್ಲಿ ಹೆಣ ಭಾರ ಇದೆ."