ವಕೀಲರೊಬ್ಬರು ಪಕ್ಷೇತರರಾಗಿ ನಿಂತರೆ: ಹಾಸನದ ಲೆಕ್ಕದಲ್ಲಿ ಚುನಾವಣಾ ಕಾನೂನು

1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯನ್ನು ಕಲಂ ಕಲಂ ಆಗಿ ಬಾಯಿಪಾಠ ಮಾಡಿದರೆ ಪರೀಕ್ಷೆ ಮುಗಿದ ಮರುದಿನವೇ ಮರೆತುಹೋಗುತ್ತದೆ. ಅದಕ್ಕೆ ಒಬ್ಬ ಅಭ್ಯರ್ಥಿಯನ್ನು ಕಣ್ಣಮುಂದೆ ನಿಲ್ಲಿಸಿಕೊಂಡು ಓದೋಣ. ಹಾಸನದ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುವ ವಕೀಲರೊಬ್ಬರು ಯಾವ ಪಕ್ಷದ ಬಿ ಫಾರಂ ಕೂಡ ಇಲ್ಲದೆ ವಿಧಾನಸಭೆಗೆ ನಿಲ್ಲುತ್ತಾರೆ ಎಂದಿಟ್ಟುಕೊಳ್ಳಿ. ಕಾನೂನು ಓದಿದವರು, ಅವರಿಗೇನು ಕಷ್ಟ ಎನ್ನುತ್ತೀರಿ. ನನ್ನ ಲೆಕ್ಕದಲ್ಲಿ ಅವರ ಕಾನೂನು ಜ್ಞಾನ ಕೆಲಸಕ್ಕೆ ಬರುವುದು ನಾಮಪತ್ರ ಪರಿಶೀಲನೆಯ ಮೇಜಿನ ತನಕ ಮಾತ್ರ.

ಅರ್ಹತೆ ಬೇಗ ಮುಗಿಯುತ್ತದೆ. 25 ವರ್ಷ ತುಂಬಿರಬೇಕು, ರಾಜ್ಯದ ಯಾವುದಾದರೊಂದು ವಿಧಾನಸಭಾ ಕ್ಷೇತ್ರದಲ್ಲಿ ಮತದಾರರಾಗಿರಬೇಕು. ಅಂದರೆ ಬೇಲೂರಿನ ಮತದಾರರು ಹಾಸನದಲ್ಲಿ ನಿಲ್ಲಬಹುದು. ತಮ್ಮ ಹೆಸರಿರುವ ಮತದಾರರ ಪಟ್ಟಿಯ ದೃಢೀಕೃತ ಪ್ರತಿ ಕೊಡಬೇಕು, ಅಷ್ಟೇ. ವಕೀಲರಿಗೆ ಹೆಚ್ಚುವರಿಯಾಗಿ ಬರುವ ಪ್ರಶ್ನೆ ಒಂದೇ: ಸರ್ಕಾರದ ಪರ ವಾದಿಸುವ ನೇಮಕಾತಿ ಇದ್ದರೆ ಅದು ಲಾಭದಾಯಕ ಹುದ್ದೆಯೇ, ಅಂದರೆ ಅಭ್ಯರ್ಥಿಯನ್ನು ಅನರ್ಹಗೊಳಿಸುವಂಥ ಸರ್ಕಾರಿ ಹುದ್ದೆಯೇ? ರಾಜಸ್ಥಾನದ ಕಾಂತಾ ಕಥೂರಿಯಾ ಪ್ರಕರಣದಲ್ಲಿ (1969) ಸುಪ್ರೀಂ ಕೋರ್ಟ್ ಬಹುಮತದಿಂದ, ಒಂದು ಪ್ರಕರಣಕ್ಕೆಂದು ನೇಮಿಸಿದ ವಿಶೇಷ ಸರ್ಕಾರಿ ವಕೀಲರದ್ದು ಅಂಥ ಹುದ್ದೆಯಲ್ಲ ಎಂದಿತು. ಆದರೂ ರಾಜೀನಾಮೆ ಕೊಟ್ಟು ನಿಲ್ಲುವುದೇ ಜಾಣತನ. ಗೆದ್ದ ಮೇಲೆ ಕರಿಕೋಟು ಬಿಡಬೇಕಾಗಿಲ್ಲ. ಶಾಸಕರು ವಕೀಲಿ ಮಾಡಲು ಅಡ್ಡಿಯಿಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಈಗ ನಿಜವಾದ ಜಾಗಕ್ಕೆ ಬರೋಣ, ಸೂಚಕರು, ಅಂದರೆ ಅಭ್ಯರ್ಥಿಯ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಮತದಾರರು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕರು ಸಾಕು. ಪಕ್ಷೇತರರಿಗೆ ಹತ್ತು ಜನ ಬೇಕು, ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು. ಅಭ್ಯರ್ಥಿ ಹೊರಗಿನವರಾದರೂ ನಡೆಯುತ್ತದೆ, ಸೂಚಕರು ಹೊರಗಿನವರಾದರೆ ನಡೆಯುವುದಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಗಡುವು, ಕೊನೆಯ ದಿನ ಬೇರೆ, ಆಗ ವಕೀಲರ ಸಂಘದಲ್ಲಿ ಚಹಾ ಕುಡಿಯುತ್ತ ಕುಳಿತ ಹತ್ತು ಸ್ನೇಹಿತರ ಸಹಿ ಹಾಕಿಸಿಕೊಂಡು ಓಡಿದರೆ ಏನಾಗುತ್ತದೆ? ಹಾಸನದ ಕೋರ್ಟಿಗೆ ಸುತ್ತಲ ತಾಲ್ಲೂಕಿನವರೆಲ್ಲ ಬರುತ್ತಾರೆ. ಆಲೂರಿನವರ ಮತ ಇರುವುದು ಸಕಲೇಶಪುರ ಕ್ಷೇತ್ರದಲ್ಲಿ. ಅದಕ್ಕಿಂತ ಮೋಸದ್ದು ಕಟ್ಟಾಯ ಹೋಬಳಿ. ತಾಲ್ಲೂಕು ಹಾಸನವೇ, ಆದರೆ ಮತ ಸಕಲೇಶಪುರಕ್ಕೆ. ಸಕಲೇಶಪುರ-ಆಲೂರು-ಕಟ್ಟಾಯ ಕ್ಷೇತ್ರ ಎಂದು ಪತ್ರಿಕೆಗಳಲ್ಲಿ ನೋಡಿರುತ್ತೀರಲ್ಲ, ಅದೇ. ಹತ್ತರಲ್ಲಿ ಒಬ್ಬರು ಕಟ್ಟಾಯದವರಾದರೂ ಉಳಿಯುವುದು ಒಂಬತ್ತೇ ಸೂಚಕರು, ನಾಮಪತ್ರ ತಿರಸ್ಕೃತ.

ಕಲಂ 36(4)ರಲ್ಲಿ, ಗಂಭೀರವಲ್ಲದ ಲೋಪಕ್ಕೆ ನಾಮಪತ್ರ ತಿರಸ್ಕರಿಸಬಾರದು ಎಂದಿದೆಯಲ್ಲ ಎಂದು ಕೇಳಬಹುದು. ಹೆಸರಿನ ಕಾಗುಣಿತ ತಪ್ಪಿದರೆ, ಪಟ್ಟಿಯ ಕ್ರಮಸಂಖ್ಯೆಯಲ್ಲಿ ಬರಹದ ತಪ್ಪಾದರೆ ಆ ರಕ್ಷಣೆ ಸಿಗುತ್ತದೆ. ಸೂಚಕರ ಸಂಖ್ಯೆಯೇ ಕಡಿಮೆಯಾದರೆ ಸಿಗುವುದಿಲ್ಲ. ಪರೀಕ್ಷೆಯಲ್ಲಿ ಈ ವ್ಯತ್ಯಾಸ ಬರೆದವರಿಗೆ ಅಂಕ. ಒಬ್ಬ ಅಭ್ಯರ್ಥಿ ಒಂದು ಕ್ಷೇತ್ರದಲ್ಲಿ ನಾಲ್ಕು ನಾಮಪತ್ರಗಳವರೆಗೆ ಸಲ್ಲಿಸಬಹುದು, ಠೇವಣಿ ಒಂದೇ ಸಲ. ಕಾನೂನು ಬಲ್ಲವರು ಒಂದೊಂದು ಸೆಟ್ಟಿಗೆ ಬೇರೆ ಬೇರೆ ಹತ್ತು ಜನರ ಸಹಿ ಹಾಕಿಸುತ್ತಾರೆ.

ನಮೂನೆ 26ರ ಪ್ರಮಾಣಪತ್ರದಲ್ಲಿ ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣ, ವಿದ್ಯಾಭ್ಯಾಸ ಎಲ್ಲ ಬರೆಯಬೇಕು. ಯಾವ ಕಾಲಂ ಕೂಡ ಖಾಲಿ ಬಿಡುವಂತಿಲ್ಲ. ಏನೂ ಇಲ್ಲದಿದ್ದರೆ 'ಇಲ್ಲ' ಎಂದೇ ಬರೆಯಬೇಕು. ಖಾಲಿ ಬಿಟ್ಟಿದ್ದನ್ನು ಚುನಾವಣಾಧಿಕಾರಿ ನೆನಪಿಸಿದ ಮೇಲೂ ತುಂಬದಿದ್ದರೆ ತಿರಸ್ಕರಿಸಬಹುದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು.

ಇಲ್ಲಿಗೆ ವಕೀಲರ ಅನುಕೂಲ ಮುಗಿಯಿತು. ಇನ್ನು ಮುಂದಿನದು ದಿನಗಳ ಲೆಕ್ಕ. 2023ರ ಚುನಾವಣೆಯನ್ನೇ ತೆಗೆದುಕೊಳ್ಳಿ: ನಾಮಪತ್ರಕ್ಕೆ ಕೊನೆಯ ದಿನ ಏಪ್ರಿಲ್ 20, ಪರಿಶೀಲನೆ 21, ಹಿಂಪಡೆಯಲು 24, ಮತದಾನ ಮೇ 10. ಪಕ್ಷೇತರರು ಮುಕ್ತ ಚಿಹ್ನೆಗಳಲ್ಲಿ (ಯಾವ ಪಕ್ಷಕ್ಕೂ ಮೀಸಲಿಲ್ಲದವು) ಮೂರನ್ನು ಆದ್ಯತೆಯ ಪ್ರಕಾರ ಕೇಳಬಹುದು, ಆದರೆ ಯಾವುದು ಎಂದು ಗೊತ್ತಾಗುವುದು ಹಿಂಪಡೆಯುವ ಗಡುವು ಮುಗಿದ ಮೇಲೆ. ಮತದಾನ ಮುಗಿಯುವ 48 ಗಂಟೆ ಮೊದಲು ಬಹಿರಂಗ ಪ್ರಚಾರ ನಿಲ್ಲಬೇಕು. ಹಾಗಾಗಿ ಏಪ್ರಿಲ್ 25ರಿಂದ ಮೇ 8ರವರೆಗೆ, ಹದಿನಾಲ್ಕು ದಿನ. ಪಕ್ಷದವರ ಚಿಹ್ನೆ ಅಜ್ಜಿಯ ಕಾಲದಿಂದ ಗೋಡೆ ಮೇಲಿದೆ. ಇವರ ಚಿಹ್ನೆಯನ್ನು ಹದಿನಾಲ್ಕು ದಿನದಲ್ಲಿ ಊರೂರಿಗೆ ಮುಟ್ಟಿಸಬೇಕು. ಮತಯಂತ್ರದಲ್ಲೂ ಮೊದಲು ಮಾನ್ಯತೆ ಪಡೆದ ಪಕ್ಷದವರು, ಆಮೇಲೆ ನೋಂದಾಯಿತ ಪಕ್ಷದವರು, ಪಕ್ಷೇತರರು ಕೊನೆಗೆ. ಇನ್ನೂರಕ್ಕೂ ಹೆಚ್ಚು ಮತಗಟ್ಟೆಗಳಲ್ಲಿ ಏಜೆಂಟರನ್ನು ಕೂರಿಸುವುದು ಅದಕ್ಕಿಂತ ದೊಡ್ಡ ತಲೆನೋವು.

ವೆಚ್ಚದ ಮಿತಿ ಎಲ್ಲರಿಗೂ ಒಂದೇ, ಕರ್ನಾಟಕದಲ್ಲಿ 2022ರಿಂದ 40 ಲಕ್ಷ. ಸಮಾನವಾಗಿ ಕಾಣುತ್ತದೆ. ಆದರೆ ಪಕ್ಷದ ತಾರಾ ಪ್ರಚಾರಕರ ಓಡಾಟದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ, ಪಕ್ಷೇತರರಿಗೆ ತಾರಾ ಪ್ರಚಾರಕರ ಪಟ್ಟಿಯೇ ಇಲ್ಲ. ಫಲಿತಾಂಶ ಬಂದ 30 ದಿನದೊಳಗೆ ಖರ್ಚಿನ ಲೆಕ್ಕ ಕೊಡಬೇಕು, ಸೋತವರೂ ಕೊಡಬೇಕು. ಕೊಡದಿದ್ದರೆ ಮೂರು ವರ್ಷ ಅನರ್ಹರಾಗಬಹುದು.

ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ-ಪಂಗಡದವರಿಗೆ 5,000. ಉಳಿಸಿಕೊಳ್ಳಲು ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬೇಕು. ಸಿಂಧು ಮತ 1,62,000 ಎಂದಾದರೆ 27,000 ಬಂದರೂ ಠೇವಣಿ ಹೋಯಿತು, 27,001 ಬಂದರೆ ಉಳಿಯಿತು. ಈ ಲೆಕ್ಕಕ್ಕೆ ನೋಟಾ ಮತಗಳನ್ನು ಸೇರಿಸುವುದಿಲ್ಲ. ಇದು ಬಹು ಆಯ್ಕೆ ಪ್ರಶ್ನೆಗೆ ಹೇಳಿಮಾಡಿಸಿದ ಬಲೆ.

ಹಾಗಾದರೆ ನಮ್ಮ ಕಡೆ ಪಕ್ಷೇತರರು ಮತ ಗಳಿಸಿಯೇ ಇಲ್ಲವೇ? ಗಳಿಸಿದ್ದಾರೆ. ತರೀಕೆರೆಯಲ್ಲಿ 2018ರಲ್ಲಿ ಜಿ.ಎಚ್. ಶ್ರೀನಿವಾಸ್ ಪಕ್ಷೇತರರಾಗಿ ಎರಡನೇ ಸ್ಥಾನಕ್ಕೆ ಬಂದರು. ಆದರೆ ಅವರು ಆಗ ಹಾಲಿ ಶಾಸಕರು, ಕಾಂಗ್ರೆಸ್ ಟಿಕೆಟ್ ತಪ್ಪಿ ಬಂಡಾಯವೆದ್ದವರು. 2023ರಲ್ಲಿ ಅದೇ ಪಕ್ಷದಿಂದ ನಿಂತು ಗೆದ್ದರು. ಅರಕಲಗೂಡಿನಲ್ಲಿ 2023ರಲ್ಲಿ ಎ. ಮಂಜು ಅವರ ಎದುರು ಎರಡನೆಯವರಾದ ಎಂ.ಟಿ. ಕೃಷ್ಣೇಗೌಡರೂ ಪಕ್ಷೇತರರೇ. ಕಾನೂನಿನ ಕಣ್ಣಿಗೆ ಬಂಡಾಯದವರೂ ನಮ್ಮ ವಕೀಲರೂ ಒಂದೇ ಗುಂಪು. ಮತಗಟ್ಟೆಯಲ್ಲಿ ಒಂದೇ ಅಲ್ಲ, ಏಕೆಂದರೆ ಬಂಡಾಯದವರ ಜೊತೆ ಕಾರ್ಯಕರ್ತರ ಪಡೆಯೂ ಹೊರಬಂದಿರುತ್ತದೆ.

ಗೆದ್ದರೆಂದೇ ಇಟ್ಟುಕೊಳ್ಳಿ, ಆಗ ಸಂವಿಧಾನದ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧ ಕಾನೂನು. ಪಕ್ಷೇತರರಾಗಿ ಗೆದ್ದವರು ಆಮೇಲೆ ಯಾವುದೇ ಪಕ್ಷ ಸೇರಿದರೆ ಅನರ್ಹರು. ಸರ್ಕಾರಕ್ಕೆ ಬೆಂಬಲ ಕೊಡಬಹುದು, ಮಂತ್ರಿಯೂ ಆಗಬಹುದು. 2010ರಲ್ಲಿ ಯಡಿಯೂರಪ್ಪ ಸರ್ಕಾರಕ್ಕೆ ಕೊಟ್ಟ ಬೆಂಬಲ ಹಿಂಪಡೆದ ಐವರು ಪಕ್ಷೇತರ ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿದ್ದರು. ಡಿ. ಸುಧಾಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೇ 2011ರಲ್ಲಿ ಆ ಆದೇಶ ರದ್ದು ಮಾಡಿತು. ಮಂತ್ರಿಯಾದ ಮಾತ್ರಕ್ಕೆ ಪಕ್ಷ ಸೇರಿದಂತಲ್ಲ ಎನ್ನುವುದು ಅಲ್ಲಿನ ತಿರುಳು. ನಾಮನಿರ್ದೇಶಿತ ಸದಸ್ಯರಿಗೆ ಪಕ್ಷ ಸೇರಲು ಆರು ತಿಂಗಳ ಅವಕಾಶವಿದೆ, ಪಕ್ಷೇತರರಿಗೆ ಒಂದು ದಿನವೂ ಇಲ್ಲ, ಎರಡನ್ನೂ ಕಲಸಬೇಡಿ.